ಹಸಿರು ಹರಳಿಗಾಗಿ ಮೀಸೆ ತೆಗೆದ ಮಾಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಗೆ ಒಬ್ಬರು ಸದ್ದಿಲ್ಲದೆ ಇಳಿಯುತ್ತಿದ್ದಾರೆ. ಚಪ್ಪಲಿಯನ್ನು ಮೇಲಿನ ಮೆಟ್ಟಿಲಲ್ಲೇ ಬಿಟ್ಟಿದ್ದಾರೆ. ಹಳೆಯ ಪತ್ರಿಕೆಗಳ ಕಟ್ಟುಗಳನ್ನು ದಾಟಿ, ಗಾಜಿನ ಕಿಂಡಿಯಿರುವ ಒಂದು ಬಾಗಿಲ ಮುಂದೆ ನಿಲ್ಲುತ್ತಾರೆ. ಬಾಗಿಲಿಗೆ ಬೀಗವಿಲ್ಲ. ಆದರೂ ಅವರು ಒಳಗೆ ಹೋಗುವುದಿಲ್ಲ, ಬಾಗಿಲನ್ನು ಮುಟ್ಟುವುದೂ ಇಲ್ಲ. ನೆಲದ ಮೇಲೆ ಸೀಮೆಸುಣ್ಣದ ಒಂದು ಗೆರೆ ಇದೆ. ಅದರ ಈಚೆಗೆ ನಿಂತು, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಕತ್ತು ಮಾತ್ರ ಚಾಚಿ ಕಿಂಡಿಯೊಳಗೆ ನೋಡುತ್ತಾರೆ.

ಒಳಗಿನ ಕತ್ತಲಲ್ಲಿ ಒಬ್ಬ ಹೆಂಗಸು ನಿಂತಿದ್ದಾರೆ. ಗ್ರಂಥಾಲಯದ ಕಸ ಗುಡಿಸಿ, ಪುಸ್ತಕದ ಧೂಳು ಹೊಡೆಯುವ ಅಕ್ಕ. ಅವರ ಕೈಯಲ್ಲಿ ಕಣ್ಣಿಗೆ ಕಾಣದ ಬೆಳಕು ಬಿಡುವ ಟಾರ್ಚು. ಮೇಜಿನ ಮೇಲೆ ಹೆಬ್ಬೆರಳಿನ ಗಾತ್ರದ ಎರಡು ಗಾಜಿನ ಸೀಸೆಗಳು. ಹೊರಗಿನವರು ಫೋನನ್ನು ಭುಜ ಮತ್ತು ಕಿವಿಯ ನಡುವೆ ಸಿಕ್ಕಿಸಿಕೊಂಡಿದ್ದಾರೆ.

"ಎಡಗಡೇದು ತೋರ್ಸಿ ಅಕ್ಕ. ಎತ್ತಬೇಡಿ, ಟಾರ್ಚ್ ಮಾತ್ರ ಹತ್ರ ತನ್ನಿ. ಅದರ ಮೇಲೆ ಉಸಿರು ಬಿಡಬೇಡಿ."

"ಉಸಿರು ಬಿಡದೆ ಇರೋಕೆ ನಾನೇನು ಪುಸ್ತಕಾನಾ?"

"ಏನಾದ್ರೂ ಕಾಣ್ತಾ?"

"ನೀರಿನ ಥರಾನೇ ಇದೆ. ತೆಳು ನೇರಳೆ. ನಿನ್ನೆ ಹೇಗಿತ್ತೋ ಹಾಗೇ."

"ಸರಿ, ಮಲಗಿರಲಿ ಬಿಡಿ."

ರಸಾಯನಶಾಸ್ತ್ರ ವಿಭಾಗದಲ್ಲಿ ಇವರನ್ನು ಎಲ್ಲರೂ ಕರೆಯುವುದು ಮೀಸೆ ಮಾಮ ಎಂದು. ಅವರ ಬಗ್ಗೆ ಬರೆಯಲು ಹೋದ ನನಗೂ ಹಾಗೆಂದೇ ಹೇಳಿದ್ದರು. ಹಾಗಾಗಿ ಮೊದಲ ದಿನ ಗೇಟಿನ ಬಳಿ ಒಂದು ದೊಡ್ಡ ಮೀಸೆಯನ್ನೇ ಹುಡುಕುತ್ತ ನಿಂತಿದ್ದೆ. ಅವರು ಎರಡು ಸಲ ನನ್ನೆದುರೇ ಹಾದುಹೋದರೂ ಗೊತ್ತಾಗಲಿಲ್ಲ. ಮೀಸೆ ಈಗಿಲ್ಲ. ಅದಿದ್ದ ಜಾಗ ಗೋಡೆಯಿಂದ ಹಳೆಯ ಕ್ಯಾಲೆಂಡರ್ ತೆಗೆದ ಹಾಗೆ ಬಿಳುಪಾಗಿ ಉಳಿದಿದೆ. ಆ ಮೀಸೆ ಯಾಕೆ ಹೋಯಿತು, ಹರಳು ಬೆಳೆಸುವುದೇ ಕಸುಬಾಗಿರುವ ಮನುಷ್ಯ ತನ್ನ ಹರಳಿನಿಂದ ಯಾಕೆ ದೂರ ನಿಂತಿದ್ದಾರೆ ಎಂಬುದನ್ನು ತಿಳಿಯಲು ನನಗೆ ಹಲವು ಭೇಟಿ ಬೇಕಾಯಿತು.

ಮಾಮ ಇಲ್ಲಿ ಸಹಾಯಕ. ಗಾಜು ತೊಳೆಯುವುದು ಅವರ ಹುದ್ದೆಯ ಕೆಲಸ. ದಿನಕ್ಕೆ ನೂರರ ಮೇಲೆ ಸೀಸೆ, ಬೀಕರು, ಕೊಳವೆಗಳು ಅವರ ತೊಟ್ಟಿಯಿಂದ ಹೊಳೆಯುತ್ತ ಹೊರಬರುತ್ತವೆ. ಅದರ ಜೊತೆಗೆ, ವರ್ಷಗಳಿಂದ ನಡೆದುಬಂದ ಹಾಗೆ, ಸಂಶೋಧಕರು ತಯಾರಿಸಿದ ವಸ್ತುಗಳನ್ನು ಹರಳುಗಟ್ಟಿಸುವ ಕೆಲಸವೂ ಅವರ ಪಾಲಿಗೆ ಬಂದಿದೆ. ವಸ್ತುವನ್ನು ಒಂದು ದ್ರವದಲ್ಲಿ ಕರಗಿಸಿ ಪುಟ್ಟ ಸೀಸೆಗೆ ಹಾಕುತ್ತಾರೆ. ಆ ಸೀಸೆಯನ್ನು ಬೇರೆ ದ್ರವವಿರುವ ದೊಡ್ಡ ಜಾಡಿಯೊಳಗೆ ಇಟ್ಟು ಮುಚ್ಚುತ್ತಾರೆ. ಹೊರಗಿನ ಆವಿ ಒಳಗಿನದಕ್ಕೆ ಮೆಲ್ಲನೆ ಇಳಿಯುತ್ತದೆ. ಕರಗಿದ್ದಕ್ಕೆ ಇನ್ನು ಕರಗಿರಲು ಜಾಗವಿಲ್ಲದಂತಾಗಿ ಅದು ಹರಳಾಗುತ್ತದೆ. ಇದನ್ನು ಮಾಮ 'ಮಲಗಿಸುವುದು' ಎನ್ನುತ್ತಾರೆ. "ಅವಸರ ಮಾಡಿದ್ರೆ ಹಿಟ್ಟಾಗುತ್ತೆ. ಸುಮ್ಮನೆ ಬಿಟ್ರೆ ಹರಳಾಗುತ್ತೆ. ನಾವು ಮಾಡೋದು ಏನೂ ಇಲ್ಲ ಸರ್, ಸದ್ದು ಮಾಡದೆ ಇರೋದು ಅಷ್ಟೇ."

ಸದ್ದು ಮಾಡದೆ ನಡೆಯುವುದನ್ನು ಅವರು ಕಲಿತದ್ದು ಗಾಜಿನ ಅಂಗಡಿಯಲ್ಲಿ. ಹದಿಹರೆಯದಲ್ಲೇ ಅಲ್ಲಿ ಹೊರುವ ಕೆಲಸಕ್ಕೆ ಸೇರಿದ್ದರು. ಕಿಟಕಿಯ ಅಗಲವಾದ ಗಾಜುಗಳನ್ನು ಬೆನ್ನಿಗೆ ಆನಿಸಿಕೊಂಡು ಜನ ತುಂಬಿದ ಬೀದಿಗಳಲ್ಲಿ ಹೋಗಬೇಕಿತ್ತು. ಕೆಲವು ವರ್ಷಗಳ ಮೇಲೆ ಒಂದು ದಿನ ಎದುರಿನ ಸೈಕಲ್ಲು ತಾಗಿ ಗಾಜು ಬಿರಿಯಿತು. ಅಂಗೈ ಸೀಳಿ ನರ ಕತ್ತರಿಸಿತು. ಬಲಗೈಯ ಕೊನೆಯ ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ಹೊರುವ ಕೆಲಸ ಹೋಯಿತು, ಮದುವೆ ಆಗಿ ಆರು ತಿಂಗಳೂ ಆಗಿರಲಿಲ್ಲ. "ಗಾಜು ಕೈ ಕಿತ್ಕೊಂಡಿತು, ಗಾಜೇ ಕೆಲಸ ಕೊಟ್ಟಿತು," ಎನ್ನುತ್ತಾರೆ ಮನೆಯಾಕೆ. ಅಂಗಡಿಯವರೇ ವಿಶ್ವವಿದ್ಯಾಲಯಕ್ಕೆ ಹೇಳಿ ಗಾಜು ತೊಳೆಯುವ ಜಾಗ ಕೊಡಿಸಿದರಂತೆ. ಸೀಸೆ ಹಿಡಿಯಲು ಮೂರು ಬೆರಳು ಸಾಕು ಎಂದು ಮಾಮ ಹಿಡಿದು ತೋರಿಸುತ್ತಾರೆ.

ಈಗ ನೆಲಮಾಳಿಗೆಯ ಹರಳಿನ ಕತೆ. ಈ ಭಾಗದಲ್ಲಿ ತಪ್ಪಾದೀತೆಂಬ ಹೆದರಿಕೆಯಿಂದ ಬರೆದದ್ದನ್ನು ವಿಭಾಗದ ಪ್ರಾಧ್ಯಾಪಕಿಗೆ ಓದಿ ಹೇಳಿದ್ದೇನೆ. ಅವರನ್ನು ಎಲ್ಲರೂ ಮೇಡಂ ಎನ್ನುತ್ತಾರೆ. ಎರಡು ಕಡೆ ತಿದ್ದಿಕೊಟ್ಟರು.

ಇಂಗಾಲದ ಪರಮಾಣುಗಳು ಆರಾರು ಸೇರಿ ಉಂಗುರಗಳಾಗಿ, ಉಂಗುರಗಳು ಅಂಚಿಗಂಚು ಕೂಡಿಕೊಂಡರೆ ಜೇನುಗೂಡಿನ ಹಾಗೆ ಚಪ್ಪಟೆಯಾದ ಹಾಳೆ. ನಡುವೆ ಒಂದು ಐದರ ಉಂಗುರ ಸಿಕ್ಕಿಕೊಂಡರೆ ಹಾಳೆಗೆ ಚಪ್ಪಟೆಯಾಗಿರಲು ಆಗುವುದಿಲ್ಲ. ಅಂಚು ಮೇಲೆದ್ದು ಬಟ್ಟಲಾಗುತ್ತದೆ. ಮೇಡಂ ಬಳಿ ಸಂಶೋಧನೆ ಮಾಡುತ್ತಿರುವ ಹುಡುಗಿಯೊಬ್ಬಳು ಇಂಥ ಒಂದು ಹೊಸ ಬಟ್ಟಲನ್ನು ತಯಾರಿಸಿದ್ದಾಳೆ. ಯಾವ ಕಣ್ಣಿಗೂ ಕಾಣದಷ್ಟು ಚಿಕ್ಕ ಬಟ್ಟಲು. ಆದರೆ ಅವು ಕೋಟಿ ಕೋಟಿ ಸೇರಿ ಹರಳಾದಾಗ, ಹೇಗೆ ಕೂತಿವೆ ಎಂಬುದರ ಮೇಲೆ ಹರಳು ಬೆಳಗುವ ಬಣ್ಣ ನಿಂತಿದೆ. ನಮ್ಮ ಅಡುಗೆಮನೆಯ ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸಬಹುದು, ಇಲ್ಲವೇ ತೊಟ್ಟಿಯಲ್ಲಿ ಹೇಗೆ ಬಿದ್ದವೋ ಹಾಗೆ ಬಿಡಬಹುದು. ಬಟ್ಟಲುಗಳು ಅವೇ. ಕೂತ ರೀತಿ ಬೇರೆ, ಆದ್ದರಿಂದ ಅವು ನುಂಗಿ ಉಗುಳುವ ಬೆಳಕೂ ಬೇರೆ.

ಮೊದಲ ಸಲ ಮಾಮ ಮಲಗಿಸಿದಾಗ ಹಸಿರಾಗಿ ಹೊಳೆಯುವ ಸೂಜಿಗಳು ಬಂದವು. ಬಟ್ಟಲೊಳಗೆ ಬಟ್ಟಲು ಕೂತಿರಬೇಕೆಂದು ಹುಡುಗಿಯ ಊಹೆ. ಆದರೆ ಸೂಜಿಗಳು ಕೂದಲಿಗಿಂತ ತೆಳು, ಎಕ್ಸ್‌ರೇ ಯಂತ್ರಕ್ಕೆ ಅವುಗಳಿಂದ ಏನೂ ಓದಲಾಗಲಿಲ್ಲ. ಇನ್ನೊಂದಿಷ್ಟು ದಪ್ಪ ಬೆಳೆಸೋಣ ಎಂದುಕೊಂಡರು. ಮುಂದಿನ ಸಲ ಬಂದದ್ದು ಸೂಜಿಯಲ್ಲ, ಕನ್ನಡಿ ಚೂರಿನಂಥ ಅಗಲವಾದ ಬಿಲ್ಲೆಗಳು. ಟಾರ್ಚು ಬಿಟ್ಟರೆ ಗಾಢ ನೀಲಿ. ಅಷ್ಟು ದೊಡ್ಡ, ಅಷ್ಟು ಚಂದದ ಹರಳು ಆ ಕಟ್ಟಡದಲ್ಲಿ ಯಾರೂ ಕಂಡಿರಲಿಲ್ಲ.

ಮಾಮನ ತಪ್ಪು ನಡೆದದ್ದು ಆ ದಿನ. ಅದನ್ನು ತಪ್ಪು ಎನ್ನಬೇಕೋ ಬೇಡವೋ ನನಗೆ ಇನ್ನೂ ಗೊತ್ತಿಲ್ಲ. ಮಗು ಹುಟ್ಟಿದ ಮನೆಯವರ ಹಾಗೆ ಅವರು ಆ ಹರಳುಗಳನ್ನು ಗಾಜಿನ ತಟ್ಟೆಗೆ ಸುರಿದುಕೊಂಡು, ಮುಚ್ಚಳವಿಲ್ಲದೆ, ಮಹಡಿಯಿಂದ ಮಹಡಿಗೆ ತೋರಿಸುತ್ತ ಹೋದರು. ಪ್ರತಿ ಕೋಣೆಯಲ್ಲೂ ಪರದೆ ಎಳೆದು ಟಾರ್ಚು ಬಿಟ್ಟರು. ಜನ ಕೈಯಲ್ಲಿ ಹಿಡಿದು ನೋಡಿದರು. ಫೋಟೋ ತೆಗೆಸಿಕೊಂಡರು. ಒಣಗಿದ ಹರಳು ಅಂಚಿನಲ್ಲಿ ಪುಡಿಯಾಗುತ್ತ ಹೋಯಿತು.

ಆ ದಿನದಿಂದ ಹಸಿರು ಸೂಜಿ ಒಮ್ಮೆಯೂ ಬಂದಿಲ್ಲ. ಎಷ್ಟು ಸಲ ಮಲಗಿಸಿದರೂ ನೀಲಿ ಬಿಲ್ಲೆಯೇ. ಯಂತ್ರ ಅದನ್ನು ಸುಲಭವಾಗಿ ಓದಿತು. ಅದರೊಳಗೆ ಬಟ್ಟಲುಗಳು ಒಂದರ ಅಂಚಿಗೆ ಒಂದು ಸಿಕ್ಕಿಕೊಂಡು, ಮುಖ ತಿರುಗಿಸಿ ಕೂತಿವೆಯೇ ಹೊರತು ಒಂದರೊಳಗೊಂದು ಇಲ್ಲ.

ಹರಳಿನ ಕೆಲಸದಲ್ಲಿ ಹೀಗಾಗುವುದುಂಟು ಎಂದು ಮೇಡಂ ವಿವರಿಸುತ್ತಾರೆ. ಹೆಚ್ಚು ಗಟ್ಟಿಯಾದ ರೂಪ ಒಮ್ಮೆ ಬಂದರೆ ಅದರ ಪುಡಿ ಬೀಜವಾಗುತ್ತದೆ. ಕಾಣದಷ್ಟು ಸಣ್ಣ ಕಣವೊಂದು ಸೀಸೆಗೆ ಬಿದ್ದರೆ ಸಾಕು, ಒಳಗಿರುವ ಬಟ್ಟಲುಗಳೆಲ್ಲ ಅದನ್ನು ನೋಡಿಯೇ ಸಾಲು ಕಟ್ಟುತ್ತವೆ. ಮೇಜಿನ ಮೇಲೆ, ಗಾಳಿಯಲ್ಲಿ, ಕೋಟಿನ ತೋಳಿನಲ್ಲಿ ಬೀಜ ಇರಬಹುದು. "ಹಳೇ ಕಾಲದ ಕೆಮಿಸ್ಟುಗಳ ಗಡ್ಡದಲ್ಲೇ ಬೀಜ ಇರ್ತಿತ್ತು ಅಂತ ಒಂದು ಮಾತಿದೆ. ಮೀಟಿಂಗಲ್ಲಿ ತಮಾಷೆಗೆ ಅದನ್ನ ಹೇಳಿಬಿಟ್ಟೆ. ಎಲ್ಲರೂ ನಕ್ಕರು. ಬಾಗಿಲ ಹತ್ರ ಗಾಜಿನ ಟ್ರೇ ಹಿಡ್ಕೊಂಡು ನಿಂತಿದ್ದ ಮಾಮನೂ ನಕ್ಕರು."

ಮರುದಿನ ಅವರು ಮೀಸೆಯಿಲ್ಲದೆ ಬಂದರು.

"ನನಗೆ ನೆಲ ಬಾಯಿಬಿಟ್ಟು ನುಂಗಬಾರದಾ ಅನ್ನಿಸ್ತು," ಎನ್ನುತ್ತಾರೆ ಮೇಡಂ. "ಅವರಿಂದಲೇ ಆಯ್ತು ಅಂತ ಹೇಳೋಕೆ ಯಾರಿಗೂ ಆಗಲ್ಲ. ನನ್ನ ಕೂದಲಲ್ಲೂ ಇರಬಹುದು. ಅವತ್ತು ಆ ತಟ್ಟೆ ಮುಂದೆ ಹಲ್ಲು ಕಿರಿದು ನಿಂತವಳು ನಾನೂ."

ಮನೆಯಲ್ಲಿ ಬೇರೆಯೇ ಕತೆ. ಎರಡು ಕೋಣೆಯ ಮನೆ. ಕಿಟಕಿಯ ಬಳಿ ಹೊಲಿಗೆ ಯಂತ್ರ. ಮಾಮನ ಹೆಂಡತಿ ಅಕ್ಕಪಕ್ಕದವರ ಬಟ್ಟೆಗಳನ್ನು ಬಿಚ್ಚಿ ಅಳತೆ ಸರಿಮಾಡಿ ಕೊಡುತ್ತಾರೆ. ಮೀಟಿಂಗಾದ ಸಂಜೆ ಅವರು ಹೊಲಿಯುತ್ತಿದ್ದಾಗ ಮಾಮ ಸಲೂನಿನಿಂದ ಬಂದು ಬಾಗಿಲಲ್ಲಿ ನಿಂತರಂತೆ.

"ಯಾರು ಬೇಕಿತ್ತು ಅಂದೆ. ಮನೆಯವರು ಇಲ್ಲ, ಆಮೇಲೆ ಬನ್ನಿ ಅಂದೆ," ಎಂದು ಅವರು ದಾರ ಕಚ್ಚಿ ಕತ್ತರಿಸುತ್ತ ಹೇಳುತ್ತಾರೆ. "ಮದುವೆ ದಿನದಿಂದ ಆ ಮೀಸೆ ನೋಡಿಕೊಂಡೇ ಬಂದಿದ್ದೀನಿ. ಅದರ ಕೆಳಗೆ ಇಷ್ಟು ಸಣ್ಣ ಬಾಯಿ ಇದೆ ಅಂತ ಗೊತ್ತೇ ಇರ್ಲಿಲ್ಲ. ನನಗೆ ಮೋಸ ಆಯ್ತು."

"ನೋಡಿ ಸರ್, ಹೀಗೇ," ಎನ್ನುತ್ತಾರೆ ಮಾಮ, ತುಟಿಯ ಮೇಲೆ ಬೆರಳಾಡಿಸುತ್ತ.

"ನಗಬೇಡಿ. ಅವತ್ತು ರಾತ್ರಿ ಊಟ ಬಿಟ್ಟು ಕೂತಿದ್ರಿ, ಅದನ್ನೂ ಹೇಳಿ."

ಕೊನೆಗೆ ಆಕೆಯೇ ಹೇಳಿದರು. ಮಾಮ ಊಟ ಮುಂದಿಟ್ಟುಕೊಂಡು, ಆ ಹುಡುಗಿಯ ಬಟ್ಟಲನ್ನು ನಾನೇ ಬೋರಲು ಹಾಕಿಬಿಟ್ಟೆ ಅಂದರಂತೆ.

ಹುಡುಗಿಗೆ ಇದು ಬರೀ ಬಣ್ಣದ ಮಾತಲ್ಲ. ಹಸಿರು ಎಲ್ಲಿಂದ ಬಂತು ಎಂದು ತೋರಿಸುವುದೇ ಅವಳ ಪ್ರಬಂಧದ ಅರ್ಧ. ಹಸಿರು ಹರಳೇ ಇಲ್ಲದಿದ್ದರೆ ಅದು ಊಹೆಯಾಗಿ ಉಳಿಯುತ್ತದೆ. ಅವಳ ಅವಧಿ ಈ ವರ್ಷದ ಕೊನೆಗೆ ಮುಗಿಯುತ್ತದೆ. ಆ ಬಟ್ಟಲನ್ನು ತಯಾರಿಸಲು ತಿಂಗಳುಗಳೇ ಬೇಕು, ಮತ್ತೆ ಮಾಡಲು ಸಮಯವಿಲ್ಲ. ಮಿಕ್ಕಿರುವುದು ಕೆಲವೇ ಸೀಸೆಗೆ ಆಗುವಷ್ಟು. "ಮಾಮನ ಮೇಲೆ ನನಗೆ ಒಂದು ಕ್ಷಣನೂ ಸಿಟ್ಟು ಬಂದಿಲ್ಲ," ಎನ್ನುತ್ತಾಳೆ. "ಒಂದಿನ ತೊಟ್ಟಿ ಹತ್ರ ನಿಂತು ಅಳ್ತಾ ಇದ್ದೆ. ಅವರು ಬಂದು ಪಕ್ಕದಲ್ಲಿ ನಿಂತು, ತೊಳೆದಿಟ್ಟ ಗಾಜನ್ನೇ ಮತ್ತೆ ತೊಳೀತಾ ಇದ್ರು, ನಾನು ಮುಗಿಸೋ ತನಕ."

ಈ ಕಟ್ಟಡದವರು ಯಾರೂ ಕಾಲಿಡದ ಕೋಣೆಯಲ್ಲಿ, ಈ ಕಟ್ಟಡಕ್ಕೆ ಎಂದೂ ಬಾರದ ಕೈಯಿಂದ ಮಲಗಿಸಿದರೆ ಹಸಿರು ಮತ್ತೆ ಬರಬಹುದು ಎಂದು ಮೇಡಂ ದಾರಿ ಹೇಳಿದರು. ಗ್ರಂಥಾಲಯದಿಂದ ನೆಲಮಾಳಿಗೆಯ ಕೋಣೆಯನ್ನೂ ಕೇಳಿ ಪಡೆದರು. ಅಲ್ಲಿ ಮೇಲಕ್ಕೆ ತೆರೆಯುವ, ಗಾಳಿಯಾಡುವ ಕಿಟಕಿಯಿದೆ. ಕೈ ಯಾರದು ಎಂಬ ಪ್ರಶ್ನೆ ಬಂದಾಗ ಮಾಮ ಗ್ರಂಥಾಲಯದ ಅಕ್ಕನ ಹೆಸರು ಹೇಳಿದರು. ಹರಿದ ಪುಟಕ್ಕೆ ಅಂಟು ಹಚ್ಚುವಾಗ ಆಕೆಯ ಕೈ ನಡುಗದಿರುವುದನ್ನು ಅವರು ಗಮನಿಸಿದ್ದರಂತೆ.

"ಆ ವಾಸನೆಗೆ ಅವರ ಕಟ್ಟಡದ ಕಡೆ ನಾನು ತಲೆ ಹಾಕಿದವಳೇ ಅಲ್ಲ," ಎನ್ನುತ್ತಾರೆ ಅಕ್ಕ. "ಅದೇ ನನ್ನ ಅರ್ಹತೆ ಅಂದ್ರು. ಇಷ್ಟು ವರ್ಷದಲ್ಲಿ ನನ್ನನ್ನ ಯಾರೂ ಇಂಥ ಕಾರಣಕ್ಕೆ ಹೊಗಳಿರಲಿಲ್ಲ."

ಹುಡುಗಿ ತನ್ನ ದ್ರಾವಣವನ್ನು ಚೆನ್ನಾಗಿ ಬಿಸಿ ಮಾಡಿ, ಇದ್ದಬದ್ದ ಬೀಜವೆಲ್ಲ ಕರಗಿದ ಮೇಲೆ ಅತಿ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ, ಮುಚ್ಚಿದ ಸೀಸೆಯಲ್ಲಿ ಬಾಗಿಲ ಬಳಿ ಇಟ್ಟುಹೋಗುತ್ತಾಳೆ. ಅಕ್ಕ ಅದನ್ನು ಒರೆಸಿ ಒಳಗೊಯ್ಯುತ್ತಾರೆ. ಮಾಮ ಗೆರೆಯ ಈಚೆಯಿಂದ ಖಾಲಿ ಸೀಸೆಗಳನ್ನು ಹಿಡಿದು ತಾವು ಮಾಡಿ ತೋರಿಸುತ್ತಾರೆ, ಅಕ್ಕ ಕೈಗವಸು ಹಾಕಿಕೊಂಡು ಆಚೆಯಿಂದ ಹಾಗೇ ಮಾಡುತ್ತಾರೆ. ಗೆರೆ ಎಳೆದವರು ಮಾಮನೇ. ಮೊದಲ ಸಲ ಅಕ್ಕ ಹೊರಗಿನ ದ್ರವವನ್ನು ಭರ್ರನೆ ಸುರಿದು ಒಳಗಿನ ಸೀಸೆಗೂ ಚೆಲ್ಲಿದರು. ಎಲ್ಲ ಹಿಟ್ಟಾಯಿತು. ಅದರ ಜೊತೆ ಮಿಕ್ಕಿದ್ದರಲ್ಲಿ ಒಂದು ಪಾಲು ಹೋಯಿತು. ಅಕ್ಕ ಕೆಲಸ ಬಿಡುತ್ತೇನೆಂದರು.

"ನಾನು ಮಾಡಿದ್ದಕ್ಕಿಂತ ನೀವು ಮಾಡಿದ್ದು ಸಣ್ಣದು ಅಕ್ಕ," ಎಂದರಂತೆ ಮಾಮ. "ನಿಮ್ಮದು ಒಂದು ಸೀಸೆ. ನನ್ನದು ನಾಲ್ಕು ಮಹಡಿ."

ನಾನು ನೆಲಮಾಳಿಗೆಗೆ ಮೊದಲು ಹೋದ ಬೆಳಿಗ್ಗೆ ಮೇಜಿನ ಮೇಲಿದ್ದ ಆ ಎರಡು ಸೀಸೆಗಳೇ ಕೊನೆಯವು. ಅಂದು ಏನೂ ಕಾಣಲಿಲ್ಲ. ಇಷ್ಟಕ್ಕೇ ಬರೆದುಬಿಡಬಹುದಿತ್ತು. ಆದರೆ ಅರ್ಧ ತಿಳಿದು ಬರೆದಂತಾದೀತೆಂದು ಮರುವಾರ ಮತ್ತೆ ಹೋದೆ, ಅದರ ಮರುವಾರವೂ.

ಆ ಮೂರನೆಯ ಬೆಳಿಗ್ಗೆ ಅಕ್ಕ ಟಾರ್ಚು ಬಿಟ್ಟವರು ಹಾಗೇ ಮೇಜಿನ ಕಡೆ ಬಗ್ಗಿದರು. ಕಿಂಡಿಯಲ್ಲಿ ನನಗೂ ಕಂಡಿತು. ಎಡಗಡೆಯ ಸೀಸೆಯ ತಳದಲ್ಲಿ ಹುಲ್ಲಿನ ಎಳೆಗಳ ಹಾಗೆ ನಾಲ್ಕೈದು ಸೂಜಿಗಳು, ಈ ಸಲ ದಪ್ಪನೆಯವು. ಹಸಿರು. ಬಲಗಡೆಯದರಲ್ಲೂ ಹಸಿರು. ಅಕ್ಕನ ಗಲ್ಲದ ಮೇಲೂ ಆ ಬೆಳಕು ಸ್ವಲ್ಪ ಬಿದ್ದಿತ್ತು.

"ಏನಾದ್ರೂ ಹೇಳಿ ಅಣ್ಣ," ಎಂದು ಫೋನಿನಲ್ಲಿ ಅಕ್ಕನ ಪಿಸುಮಾತು. "ನನಗೊಬ್ಬಳಿಗೇ ಕಾಣ್ತಿದೆಯಾ?"

ಮಾಮ ಪತ್ರಿಕೆಯ ಕಟ್ಟಿನ ಮೇಲೆ ಕೂತುಬಿಟ್ಟರು. ಫೋನಿಗೆ ಹೇಳಿದರು, "ಟಾರ್ಚ್ ಆರಿಸಿ ಅಕ್ಕ. ಅದಕ್ಕೆ ನಿದ್ದೆ ಕೆಡುತ್ತೆ."

ಸುದ್ದಿ ತಿಳಿದು ಹುಡುಗಿ ಮೆಟ್ಟಿಲಿಳಿದು ಓಡಿ ಬಂದಳು. ಗೆರೆ ಕಂಡೊಡನೆ ಗಕ್ಕನೆ ನಿಂತಳು. ಅವಳಿಗೂ ಒಳಗೆ ಪ್ರವೇಶವಿಲ್ಲ. ಇಬ್ಬರೂ ಅಕ್ಕಪಕ್ಕ ನಿಂತು, ಕೈ ಹಿಂದೆ ಕಟ್ಟಿಕೊಂಡು, ಒಂದೇ ಕಿಂಡಿಯಲ್ಲಿ ನೋಡಿದರು.

ಬಲಗಡೆಯ ಸೀಸೆ ಮುಂದಿನ ಬೀಜಕ್ಕಾಗಿ ಅಕ್ಕನ ಕೋಣೆಯಲ್ಲೇ ಉಳಿಯಿತು. ಎಡಗಡೆಯದು ಎಕ್ಸ್‌ರೇ ಯಂತ್ರಕ್ಕೆ ಹೋಯಿತು. ಉತ್ತರ ಬರುವಷ್ಟರಲ್ಲಿ ಮಾಮ ಎರಡು ಬೀಕರು ಒಡೆದರು. ಅವರ ಕೈಯಿಂದ ಗಾಜು ಒಡೆದದ್ದನ್ನು ವಿಭಾಗದಲ್ಲಿ ಯಾರೂ ಕಂಡಿರಲಿಲ್ಲ. ಆಮೇಲೆ ಮೇಡಂ ಅವರನ್ನು ಕರೆದು ಪರದೆಯ ಮೇಲೆ ಚಿತ್ರ ತೋರಿಸಿದರು. ಬಟ್ಟಲು, ಅದರೊಳಗೆ ಬಟ್ಟಲು, ಅದರೊಳಗೆ ಮತ್ತೊಂದು. ಒಂದಿಷ್ಟು ವಾಲಿಕೊಂಡು, ಕಂಬದ ಹಾಗೆ ಉದ್ದಕ್ಕೂ. ಹುಡುಗಿಯ ಊಹೆ ನಿಜವಾಗಿತ್ತು.

ಮಾಮ ಬಹಳ ಹೊತ್ತು ನೋಡಿದರು. "ತೊಳೆದು ಜೋಡಿಸಿಟ್ಟ ಹಾಗಿದೆ," ಎಂದರು.

ನಾನು ಕೊನೆಯ ಸಲ ಹೋದಾಗ ಅವರು ತಮ್ಮ ತೊಟ್ಟಿಯ ಮುಂದೆ ನಿಂತಿದ್ದರು. ತುಟಿಯ ಮೇಲೆ ಮೀಸೆ ಕುರುಚಲಾಗಿ ಚಿಗುರಿದೆ, ಬೆಳ್ಳಗೆ. ಹೆಂಡತಿಯ ಅಪ್ಪಣೆಯಾಗಿದೆಯಂತೆ. ಹುಡುಗಿ ಒಳಗೆ ಬಂದು ಅಂಗೈ ಚಾಚಿದಳು. ಅದರಲ್ಲಿ ಎಡಗಡೆಯ ಸೀಸೆ, ಅಳತೆಗೆ ಬಳಸಿ ಉಳಿದ ಎರಡು ಸೂಜಿಗಳು.

"ಇದರ ಕೆಲಸ ಮುಗೀತು ಮಾಮ. ಇದು ನಿಮಗೆ. ಈಗ ಮುಟ್ಟಬಹುದು."

ಅವರ ಕೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಅಷ್ಟು ದಿನದ ರೂಢಿ. ಆಮೇಲೆ ಒದ್ದೆ ಕೈಯನ್ನು ಕೋಟಿಗೆ ಒರೆಸಿ, ಮತ್ತೊಮ್ಮೆ ಒರೆಸಿ, ಮೂರು ಬೆರಳಲ್ಲಿ ಸೀಸೆಯನ್ನು ಹಿಡಿದುಕೊಂಡರು. ದೀಪ ಆರಿಸಿ ಟಾರ್ಚು ಬಿಟ್ಟರು. ತೊಟ್ಟಿಯ ಮೇಲೆ ಸಾಲಾಗಿ ಬೋರಲು ಹಾಕಿದ್ದ ಗಾಜುಗಳಲ್ಲೆಲ್ಲ ಒಂದೊಂದು ಹಸಿರು ಚುಕ್ಕೆ ಹೊತ್ತಿಕೊಂಡಿತು.

ಇನ್ನೇನು ಆಸೆ ಇದೆ ಮಾಮ ಎಂದು ಕೇಳಿದೆ. ದೊಡ್ಡದೇನಾದರೂ ಹೇಳಲಿ ಎಂದು ನನಗಿತ್ತೋ ಏನೋ.

"ಇವತ್ತು ಒಂದಿನ ಮನೆಗೆ ತಗೊಂಡು ಹೋಗ್ಲಾ ಅಂತ ಮೇಡಂನ ಕೇಳಬೇಕು," ಎಂದರು. "ಮನೆಯವಳು ನೋಡಿಲ್ಲ. ಇದಕ್ಕೋಸ್ಕರ ಮೀಸೆ ತೆಗೆದೆ ಅಂತ ಅವಳಿಗೂ ಗೊತ್ತಾಗಲಿ." ಸೀಸೆಯ ಮುಚ್ಚಳವನ್ನು ಹೆಬ್ಬೆರಳಿನಿಂದ ಇನ್ನೊಂದು ಸುತ್ತು ಬಿಗಿ ಮಾಡಿದರು. "ಬೀದಿಯವರೆಲ್ಲ ಬಂದು ಕೇಳಿದ್ರೂ ತೋರಿಸ್ತೀನಿ. ಮುಚ್ಚಳ ಮಾತ್ರ ತೆಗೆಯಲ್ಲ."